ಹರಣಿ ಮಲಗುವ ಚೀಲ

ನನಗೆ ನಾಯಿಯೆಂದರೆ ಭಯ. ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡಿದಷ್ಟು ದಿನ ಇದನ್ನು ಯಾರಿಗೂ ಹೇಳಿರಲಿಲ್ಲ, ಹೇಳಿದ್ದರೆ ಹುಡುಗರು ಕ್ಲಾಸಿಗೆ ಒಂದು ಮರಿ ತಂದು ಬಿಡುತ್ತಿದ್ದರು. ಬನಹಟ್ಟಿಯ ನಮ್ಮ ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿಯೊಂದಿದೆ. ಹಿಟ್ಟಿನ ಗಿರಣಿಯ ಮುಂದೆ ಒಂದು ಕಂದು ನಾಯಿ ಮಲಗಿರುತ್ತದೆಂಬ ಒಂದೇ ಕಾರಣಕ್ಕೆ ನಾನು ಊರು ಸುತ್ತಿ ಹೋಗುತ್ತೇನೆ. ಮನೆಯಲ್ಲಿ ಮಾತ್ರ, ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ಹೇಳಿದ್ದೇನೆ.

ನಮ್ಮ ಭಾಷೆಯೂ ನನ್ನ ಪಕ್ಷವೇ. ಕಷ್ಟಪಟ್ಟರೆ ನಾಯಿಪಾಡು, ಎಷ್ಟು ಹೇಳಿದರೂ ತಿದ್ದಿಕೊಳ್ಳದಿದ್ದರೆ ನಾಯಿ ಬಾಲ, ಬಿಡದೆ ಕಾಡಿದರೆ ನಾಯಿಕೆಮ್ಮು. ಮಳೆಗಾಲದಲ್ಲಿ ಎದ್ದ ಅಣಬೆಗೆ ನಾಯಿಕೊಡೆ ಎಂದು ಹೆಸರಿಟ್ಟವನು ಯಾವ ನಾಯಿ ಕೊಡೆ ಹಿಡಿದದ್ದನ್ನು ಕಂಡನೋ ತಿಳಿಯದು. ಅತ್ತ ಮೈಲಾರಲಿಂಗನ ಭಕ್ತರು ದೇವರ ಮುಂದೆ ತಾವೇ ನಾಯಿಗಳಾಗಿ ಬೊಗಳಿ ಹರಕೆ ತೀರಿಸುತ್ತಾರೆ. ದೇವರ ಮುಂದೆ ನಾಯಿಯಾಗಲು ಹಿಂಜರಿಯದ ನಾವು, ಮನೆಯೊಳಗೆ ನಾಯಿ ಕಾಲಿಟ್ಟರೆ ಕಸಬರಿಗೆ ಹುಡುಕುತ್ತೇವೆ.

ಹೋದ ವರ್ಷ ನಮ್ಮ ಮನೆಯೊಳಗೂ ಒಂದು ಕಾಲಿಟ್ಟಿತು. ಅದು ಬಂದದ್ದು ನಮ್ಮ ವೈನಿಗಾಗಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ ಗಂಗವ್ವ. ಅವರು ಈ ಮನೆಗೆ ಬಂದಾಗ ನಾನು ನಾಲ್ಕನೇ ಇಯತ್ತೆ ಓದುತ್ತಿದ್ದೆ. ನನಗೆ ರೊಟ್ಟಿ ಬಡಿದು ಕೊಟ್ಟು, ಪಾಟಿಚೀಲ ಹೊಲಿದು ಕೊಟ್ಟು, ಉಳಿದ ಹೊತ್ತೆಲ್ಲ ಮಗ್ಗಕ್ಕೆ ಕಂಡಿಕೆ ಸುತ್ತಿದವರು. ಮಗ್ಗದವರ ಓಣಿಯಲ್ಲಿ ಕಂಡಿಕೆಯ ನೂಲು ಹರಿಯುವುದಕ್ಕಿಂತ ಮೊದಲೇ ಅದು ಹರಿಯುವುದನ್ನು ತಿಳಿಯುವ ಕೈ ಅವರದೊಂದೇ ಎಂಬ ಮಾತಿತ್ತು. ಅಂಥವರಿಗೆ ಒಂದು ಮುಂಜಾನೆ ಲಕ್ವಾ ಹೊಡೆಯಿತು. ಎಡಗೈ ಎಡಗಾಲು ಸೋತವು, ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಜಮಖಂಡಿಯ ಡಾಕ್ಟರು ಜೀವ ಉಳಿಸಿ ಕಳಿಸುವಾಗ ಅಣ್ಣನನ್ನು ಪಕ್ಕಕ್ಕೆ ಕರೆದು, ಎರಡು ಮೂರು ತಿಂಗಳಲ್ಲಿ ಎದ್ದು ನಡೆದರೆ ನಡೆದಾರು, ಮಲಗಿಯೇ ಬಿಟ್ಟರೆ ಹಾಗೆಯೇ ಉಳಿದಾರು ಎಂದರು.

ವೈನಿ ಮಲಗಿಯೇ ಬಿಟ್ಟರು. ಒಳಗಿನ ಖೋಲಿಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ. ಮಗ, ಸೊಸೆ, ಮೊಮ್ಮಕ್ಕಳು, ನಾನು, ನನ್ನ ಹೆಂಡತಿ ಎಲ್ಲರೂ ಹೇಳಿ ಸೋತೆವು. ಕಾರಣ ಕಾಲಲ್ಲ, ಬಾಯಿ. ನೋಡಲು ಬಂದವರು ಒಬ್ಬರಾದ ಮೇಲೊಬ್ಬರು ಸೊಟ್ಟಗಾದ ಆ ಬಾಯನ್ನೇ ದಿಟ್ಟಿಸಿ ಲೊಚಗುಟ್ಟುತ್ತಿದ್ದರು. ಬಾಳೆಹಣ್ಣು ತಂದವರು ಲೊಚಗುಟ್ಟಿದರು, ಬಿಸ್ಕಿಟ್ ತಂದವರು ಇನ್ನಷ್ಟು. ಮುಧೋಳದ ಬೀಗರಂತೂ ಇದೇ ರೋಗದಿಂದ ತೀರಿಕೊಂಡ ತಮ್ಮ ಕಡೆಯ ನಾಲ್ಕು ಜನರ ಹೆಸರು ಹೇಳಿ, ಚಹಾ ಕುಡಿದು ಹೋದರು. ಅವತ್ತು ವೈನಿ ನನಗೆ ಹೇಳಿದ್ದು ಒಂದೇ ಮಾತು: "ತಮ್ಮಾ, ಇವರು ನನ್ನ ನೋಡಾಕ ಬರಂಗಿಲ್ಲ. ನನ್ನ ಬಾಯಿ ನೋಡಾಕ ಬರ್ತಾರ."

ವಾರಕ್ಕೆರಡು ಸಲ ಮನೆಗೆ ಬಂದು ವ್ಯಾಯಾಮ ಮಾಡಿಸಲು ಶೈಲಾ ಎಂಬ ಹುಡುಗಿಯನ್ನು ಗೊತ್ತು ಮಾಡಿದೆವು. ಫಿಜಿಯೋಥೆರಪಿ ಓದಿದವಳು, ಊರು ರನ್ನ ಬೆಳಗಲಿ. ಮೊದಲ ಮೂರು ಭೇಟಿಯಲ್ಲಿ ವೈನಿ ಅವಳ ಕಡೆ ತಿರುಗಲೂ ಇಲ್ಲ. ನಾಲ್ಕನೆಯ ಸಲ ಅವಳ ಹಳೆಯ ವ್ಯಾನಿನಿಂದ ಅವಳ ಹಿಂದೆಯೇ ಒಂದು ಮುಧೋಳ ನಾಯಿ ಇಳಿಯಿತು. ನಾನು ಅಟ್ಟದ ಮೆಟ್ಟಿಲು ಹತ್ತಿದೆ.

ಈ ಜಾತಿಯನ್ನು ನೋಡದವರಿಗೆ ಹೇಳಬೇಕು: ಕುದುರೆಯ ಎದೆ, ಒಣಗಿದ ಸೊಂಟ, ಎಣಿಸಬಹುದಾದ ಪಕ್ಕೆಲುಬು, ಉದ್ದ ಮೂತಿ. ತುಂಬಿದ ಮನೆಯಲ್ಲಿ ಉಂಡರೂ ಉಪವಾಸವಿದ್ದಂತೆ ಕಾಣುತ್ತದೆ. ಹೊಸಬರು ಮೈ ಮುಟ್ಟಿದರೆ ಸೇರುವುದಿಲ್ಲ. ಬಾಲ ಆಡಿಸುವುದೂ ಲೆಕ್ಕ ಹಾಕಿದ ಹಾಗೆ. ಕಾಯಿಲೆಯವರ ಮನೆಗೆ ನಾಯಿ ಒಯ್ಯುವುದು ಈಗ ದೊಡ್ಡ ಊರುಗಳಲ್ಲಿ ನಡೆಯುತ್ತದಂತೆ. ಅಲ್ಲಿಗೆ ಹೋಗುವುದು ತೊಡೆಯೇರಿ ಕೈ ನೆಕ್ಕುವ ಗುಂಗುರು ಕೂದಲಿನ ನಾಯಿಗಳು. ನಮ್ಮ ಪಾಲಿಗೆ ಬಂದದ್ದು ಜಹಗೀರದಾರನಂತೆ ಮುಖ ತಿರುಗಿಸಿ ನಿಲ್ಲುವ ಇದು. ಶೈಲಾಳ ತಂದೆ ಬೇಟೆಗೆಂದು ಸಾಕಿದ್ದು. ಮೊಲ ಎದ್ದರೆ ಇದು ಕುಳಿತು ಅದು ಓಡುವ ಚೆಂದ ನೋಡುತ್ತಿತ್ತಂತೆ. ಬೇಸತ್ತು ಮಗಳಿಗೆ ಕೊಟ್ಟರು. ಅವಳು ಅದಕ್ಕೆ ಹರಣಿ, ಅಂದರೆ ಜಿಂಕೆ, ಎಂದು ಹೆಸರಿಟ್ಟಳು.

ದೇವರ ಜಗಲಿ ಇರುವ ಮನೆಯೊಳಗೆ ನಾಯಿ ಬೇಡವೆಂದು ಅಣ್ಣ ತಕರಾರು ತೆಗೆದರು. ಶೈಲಾ ವಾದಿಸಲಿಲ್ಲ. ಪಡಸಾಲೆಯಲ್ಲಿ, ವೈನಿಯ ಖೋಲಿಯ ಬಾಗಿಲಿನಾಚೆ, ಒಂದು ಗೋಣಿಚೀಲ ಹಾಸಿ ಅದನ್ನು ಮಲಗಿಸಿದಳು. ಮಂಚದಿಂದ ನೋಡಿದರೆ ಅದರ ಬಾಲವಷ್ಟೇ ಕಾಣುತ್ತಿತ್ತು. ಗೋಡೆ ನೋಡಿ ಬೇಸತ್ತಿದ್ದ ವೈನಿ ಆ ಬಾಲವನ್ನು ಅರ್ಧ ತಾಸು ನೋಡಿದರು. ಕೊನೆಗೆ ಅದರ ಮುಖ ಹೇಗಿದೆ ಎಂದು ಕೇಳಿದರು.

"ಎದ್ದು ನೋಡ್ರಿ, ಯವ್ವಾ," ಎಂದಳು ಶೈಲಾ.

ಬಲ ಮೊಣಕೈಯೂರಿ ವೈನಿ ಅರ್ಧ ಎದ್ದರು. ಹರಣಿ ತಲೆ ತಿರುಗಿಸಿ ಒಮ್ಮೆ ನೋಡಿತು, ಮತ್ತೆ ಬೀದಿಯ ಕಡೆಗೆ ಮುಖ ಮಾಡಿತು. ಬಾಯಿ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬುದು ಅದಕ್ಕೆ ಸಂಬಂಧಿಸಿದ ವಿಷಯವೇ ಆಗಿರಲಿಲ್ಲ. ಅಷ್ಟು ದಿನಗಳಲ್ಲಿ ಲೊಚಗುಟ್ಟದ ಮೊದಲ ಅತಿಥಿ ಅದು.

ಮುಂದಿನ ಸಲ ಮೊಣಕೈಯೂರಿದರೂ ಮುಖ ಕಾಣಲಿಲ್ಲ. ವೈನಿ ಮಂಚದ ಅಂಚಿಗೆ ಬಂದು ಕೂತರು. ಅದರ ಮುಂದಿನ ವಾರ ಶೈಲಾಳ ಹೆಗಲು ಹಿಡಿದು ನಿಂತರು. ಮತ್ತೆರಡು ವಾರಕ್ಕೆ ಖೋಲಿಯ ಬಾಗಿಲು ದಾಟಿ ಪಡಸಾಲೆಯ ಕಂಬದವರೆಗೆ. ಕಾಲೆಳೆಯುತ್ತ, ಬೆವರುತ್ತ, ನಡುನಡುವೆ ನಾಯಿಗೂ ಶೈಲಾಳಿಗೂ ಸೇರಿಸಿ ಬಯ್ಯುತ್ತ. ನಾನು ಮೆಟ್ಟಿಲ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದೆ. ನಾಯಿ ಸಲಸಲಕ್ಕೂ ದೂರ ಹೋಗಿ ಮಲಗುತ್ತಿರುವುದು ಕಂಡು, ಇದಕ್ಕೂ ನಮ್ಮ ಮನೆ ಬೇಸರ ಬಂದಿದೆ ಎಂದು ಹೆಂಡತಿಗೆ ಹೇಳಿದೆ. ಚೀಲವನ್ನು ಪ್ರತಿ ಭೇಟಿಗೆ ಎರಡು ಗೇಣು ಆಚೆ ಹಾಸುತ್ತಿದ್ದವಳು ಶೈಲಾ ಎಂದು ತಿಳಿಯಲು ನನಗೆ ಒಂದೂವರೆ ತಿಂಗಳು ಬೇಕಾಯಿತು. ತಿಳಿದ ದಿನ ಆ ಹುಡುಗಿಯ ಮೇಲೆ ಹುಟ್ಟಿದ ಗೌರವ, ನನಗೆ ಕಲಿಸಿದ ಗುರುಗಳ ಮೇಲೂ ಹುಟ್ಟಿರಲಿಲ್ಲ. ನಾವೆಲ್ಲ ಬಾಯಿಂದ ಹೇಳಿ ಸೋತದ್ದನ್ನು ಅವಳು ಒಂದು ಗೋಣಿಚೀಲ ಸರಿಸಿ ಗೆದ್ದಿದ್ದಳು.

ನಡುವೆ ಎರಡು ಸಲ ಹರಣಿ ಬರಲಿಲ್ಲ. ಪಾದಕ್ಕೆ ಜಾಲಿಮುಳ್ಳು ಮುರಿದು ಕೀವಾಗಿತ್ತು. ವೈನಿ ವ್ಯಾಯಾಮ ಬಿಟ್ಟು ಮತ್ತೆ ಗೋಡೆಗೆ ತಿರುಗಿಯಾರೆಂದು ನಾವು ಹೆದರಿದೆವು. ಆದರೆ ವೈನಿ ಶೈಲಾಳನ್ನು ಕರೆದು, ಮುಳ್ಳು ಪೂರ್ತಿ ತೆಗೆದರೋ, ಇಂಜೆಕ್ಷನ್ ಕೊಟ್ಟರೋ, ಉಣ್ಣುತ್ತದೋ ಎಂದು ಕೇಳಿದರು. ಅರಿಸಿನದ ಪಟ್ಟು ಹಾಕಲು ಹೇಳಿದರು. ಮೂರು ತಿಂಗಳಿಂದ ಇಡೀ ಊರು ಅವರ ಆರೋಗ್ಯ ವಿಚಾರಿಸಿತ್ತು. ಅವರು ಇನ್ನೊಬ್ಬರದನ್ನು ವಿಚಾರಿಸಿದ್ದು ಅವತ್ತೇ ಮೊದಲು. ಅಡುಗೆಮನೆಯಲ್ಲಿ ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹರಣಿ ಮರಳಿ ಬಂದ ದಿನ ಶೈಲಾ ಚೀಲವನ್ನು ಹೊಸ್ತಿಲಾಚೆ, ಬೀದಿಯ ಬೇವಿನ ಗಿಡದ ಕೆಳಗೆ ಹಾಸಿದಳು. ಬೀದಿ ಎಂದರೆ ಜನ, ಜನವೆಂದರೆ ಬಾಯಿ ನೋಡುವವರು. ವೈನಿ ಹೊಸ್ತಿಲಿಗೆ ಬಂದು ನಿಂತುಬಿಟ್ಟರು. ಅವರನ್ನು ಮೆಟ್ಟಿಲಿಳಿಸಲು ಶೈಲಾಳಿಗೆ ಎರಡೂ ಕೈ ಬೇಕಿತ್ತು. ಅತ್ತ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಾಕಿಕೊಂಡು ಬರುತ್ತಿತ್ತು.

"ಮಾಸ್ತರ, ಹರಣಿ ಹಗ್ಗ ಹಿಡೀರಿ," ಎಂದಳು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ವಿದ್ಯುತ್ತಿನ ಬರಿ ತಂತಿಯನ್ನು ಹಿಡಿಯುವವನಂತೆ ಹಗ್ಗದ ತುದಿಯ ನಾಲ್ಕು ಬೆರಳಷ್ಟು ಜಾಗವನ್ನು ಹಿಡಿದೆ. ಟ್ರ್ಯಾಕ್ಟರು ಗಡಗಡಿಸಿ ಹೋಯಿತು. ಹರಣಿ ಅಲುಗಲಿಲ್ಲ, ನನ್ನನ್ನು ಮೇಲಿಂದ ಕೆಳಗೆ ನೋಡಿ ಆಕಳಿಸಿತು. ಹೆದರಿಕೊಂಡವನ ಎದುರು ಇಷ್ಟು ಸಭ್ಯವಾಗಿ ವರ್ತಿಸಿದವರನ್ನು ನಾನು ಶಿಕ್ಷಣ ಇಲಾಖೆಯಲ್ಲಿ ಕಂಡಿಲ್ಲ. ನಾನು ಹಗ್ಗ ಹಿಡಿದ ಪರಿ ಕಂಡ ವೈನಿಗೆ ನಗು ಬಂತು. ಸೊಟ್ಟ ಬಾಯಿಯ ನಗು, ಬೀದಿಯಲ್ಲಿ, ಎಲ್ಲರಿಗೂ ಕಾಣುವಂತೆ. ಹಾಗೇ ನಗುತ್ತ ಮೂರು ಮೆಟ್ಟಿಲಿಳಿದು, ಗಿಡದ ಕೆಳಗೆ ಬಂದು ಹರಣಿಯ ಪಾದ ನೋಡಿದರು.

ಈಗ ವೈನಿ ಕೋಲು ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಾರೆ. ಎಡಗೈ ಪೂರ್ತಿ ಬಂದಿಲ್ಲ, ಬರಲಾರದೇನೋ. ಶೈಲಾ ಮತ್ತು ಹರಣಿ ಈಗ ಹಿಪ್ಪರಗಿಯಲ್ಲಿ ಸೊಂಟ ಮುರಿದುಕೊಂಡ ಒಬ್ಬ ಹಿರಿಯರ ಮನೆಗೆ ಹೋಗುತ್ತಿದ್ದಾರೆ. ಮೊನ್ನೆ ವೈನಿಯ ಪಕ್ಕ ಕೂತು, ಚೀಲದ ಗುಟ್ಟನ್ನು ಇನ್ನಾದರೂ ಹೇಳಿಬಿಡೋಣವೆಂದು ದೊಡ್ಡ ಶೋಧ ಮಾಡಿದವನಂತೆ ಶುರು ಮಾಡಿದೆ. ಅವರು ಅರ್ಧಕ್ಕೇ ತಡೆದರು.

"ಎರಡನೇ ದಿನಾನ ಗೊತ್ತಾಗಿತ್ತು, ತಮ್ಮಾ. ಪರರ ಮನಿ ಹುಡುಗಿ ನನ್ನ ಸಲುವಾಗಿ ಅಷ್ಟು ಹೊಂಚ ಹಾಕಾಕತ್ತಾಳ, ಅಕಿನ್ನ ಹೆಂಗ ಸೋಲಸ್ಲಿ? ಎದ್ನಿ."

ಇದನ್ನು ಶೈಲಾಳಿಗೆ ಫೋನು ಮಾಡಿ ಹೇಳಿದೆ. ವೈನಿಗೆ ಗೊತ್ತಿದೆಯೆಂಬುದು ತನಗೂ ಗೊತ್ತಿತ್ತು ಎಂದು ಅವಳು ನಕ್ಕಳು. ಅಂದರೆ ಅಷ್ಟು ದಿನ ನಮ್ಮ ಮನೆಯಲ್ಲಿ ಏನೂ ತಿಳಿಯದೆ ಇದ್ದವರು ಇಬ್ಬರೇ, ನಾನು ಮತ್ತು ನಾಯಿ. ಈಚೆಗೆ ನಾಯಿಯ ವಿಷಯದಲ್ಲೂ ನನಗೆ ಅನುಮಾನ ಬರುತ್ತಿದೆ.