ಬಿಸಿಲೇರಿದ ಮೇಲೆ ಹಚ್ಚುವ ಒಲೆ

ರೊಟ್ಟಿಯವಳ ಬಲಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಒಂದೇ ಒಂದು ಕೂದಲಿರಲಿಲ್ಲ. ಸುಟ್ಟು ಸಿಪ್ಪೆ ತೆಗೆದ ಬದನೆಕಾಯಿಯ ಹಾಗೆ ಆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಎಡಗೈ ಎಲ್ಲ ಹೆಂಗಸರ ಕೈಯ ಹಾಗೇ ಇತ್ತು. ನೆಲದಲ್ಲಿ ಹೂತ ಮಣ್ಣಿನ ಒಲೆಯೊಳಗೆ ದಿನಾಲೂ ಬಲಗೈ ಇಳಿಸಿ, ಅದರ ಗೋಡೆಗೆ ರೊಟ್ಟಿ ಬಡಿದು ಅಂಟಿಸಿದರೆ ಕೈ ಹಾಗೇ ಆಗುತ್ತದೆ.

ಕಡಲಾಚೆಯ ಈ ದೇಶದ ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ನನ್ನ ಮಗಳ ಮನೆಯ ಹಿತ್ತಲಿಗೂ ಅವಳ ಹಿತ್ತಲಿಗೂ ನಡುವೆ ಒಂದು ಕಟ್ಟಿಗೆಯ ಬೇಲಿ. ನಾನು ಹುಬ್ಬಳ್ಳಿಯವಳು, ಕನ್ನಡ ಸಾಲಿಯಲ್ಲಿ ನಾಲ್ಕನೇ ಇಯತ್ತೆವರೆಗೆ ಕಲಿತವಳು. ಅವಳು ಅಫ್ಘಾನಿಸ್ತಾನದವಳು, ಅಷ್ಟೂ ಕಲಿತಿರಲಿಲ್ಲ. ಪೇಶಾವರದ ನಿರಾಶ್ರಿತರ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಇದ್ದು ಉರ್ದು ಹಿಡಿದಿದ್ದಳು. ನಮ್ಮ ಮನೆಯಲ್ಲಿ ಆಡುವುದೂ ಒಂದು ಥರದ ಉರ್ದುವೇ. ಅವಳ ಉರ್ದು ಕೇಳಿ ನಾನು ನಗುತ್ತಿದ್ದೆ, ನನ್ನದು ಕೇಳಿ ಅವಳು. ಇಲ್ಲಿ ಅವಳ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

ಮಂದಿ ಅವಳನ್ನು ಪಾಪ ಎನ್ನುತ್ತಿದ್ದರು. ಪಾಪದ ಹೆಂಗಸಲ್ಲ ಅವಳು. ಬಾಯಿ ಬಲು ಕೆಟ್ಟದ್ದು. ರೊಟ್ಟಿ ಕೊಳ್ಳಲು ಬಂದವರು ಒತ್ತಿ ನೋಡಿದರೆ ಕೈಗೆ ಬಡಿಯುತ್ತಿದ್ದಳು. ನಾನೊಮ್ಮೆ ಜೋಳದ ರೊಟ್ಟಿ ಮಾಡಿ ಬೇಲಿಯ ಮೇಲಿಂದ ಕೊಟ್ಟೆ. ಎರಡು ತುತ್ತು ಅಗಿದು, "ಇದನ್ನ ಮನಿ ಮ್ಯಾಲೆ ಹೊಚ್ಚತಾರೋ, ತಿಂತಾರೋ?" ಎಂದು ಕೇಳಿದಳು. ಆಮೇಲೆ ಪೂರಾ ತಿಂದಳು. ಅವತ್ತಿನಿಂದ ನಮ್ಮಿಬ್ಬರಿಗೂ ಸ್ನೇಹ ಕೂಡಿತು.

ಅವಳದೊಂದು ಹಟವಿತ್ತು. ಬಿಸಿಲು ಪೂರಾ ಏರುವತನಕ ಒಲೆ ಹಚ್ಚುತ್ತಿರಲಿಲ್ಲ. ಆಫೀಸಿಗೆ ಹೋಗುವವರು ಬೆಳಿಗ್ಗೆ ಬಿಸಿ ರೊಟ್ಟಿ ಬೇಕೆಂದು ಬಂದು ಬರಿಗೈಯಲ್ಲಿ ತಿರುಗುತ್ತಿದ್ದರು. ಮಂಜು ಮುಸುಕಿದ ದಿನವಂತೂ ಹೊತ್ತು ನೆತ್ತಿಗೆ ಬಂದರೂ ಒಲೆ ತಣ್ಣಗೆ. ಯಾಕೆ ಎಂದು ಕೇಳಿದವರಿಗೆ ಒಂದೇ ಉತ್ತರ: "ಬಿಸಲಾಗ ಹಚ್ಚಿದ ಬೆಂಕಿ ಮ್ಯಾಲಿನವರ ಕಣ್ಣಿಗೆ ಬೀಳೂದಿಲ್ಲ." ಮೇಲಿನವರು ಎಂದರೆ ದೇವರು, ದೆವ್ವ ಏನೋ ಇರಬೇಕೆಂದು ಜನ ಸುಮ್ಮನಾಗುತ್ತಿದ್ದರು.

ನನಗೆ ಹೇಳಿದ್ದಳು. ಅವಳ ಹಳ್ಳಿಯಲ್ಲಿ ಮನೆಗೊಂದು ಒಲೆಯಿರಲಿಲ್ಲ, ಓಣಿಗೆಲ್ಲ ಒಂದೇ. ಬೆಳಕು ಹರಿಯುವ ಮೊದಲೇ ಹೆಂಗಸರು ಹಿಟ್ಟಿನ ಉಂಡೆಗಳನ್ನು ಹಲಗೆಯ ಮೇಲಿಟ್ಟು, ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಬಂದು ಒಲೆಯ ಸುತ್ತ ಕೂರುತ್ತಿದ್ದರು. ಗಂಡಸರು ಏಳುವ ಮೊದಲು ಅವರ ಮಾತು, ನಗು, ಜಗಳ ಎಲ್ಲ ಅಲ್ಲೇ. ನಾವೀಗ ಇರುವ ಈ ದೇಶದ ಎರಡು ಕಟ್ಟಡ ಕೆಡವಿದವರನ್ನು ಹಿಡಿಯುತ್ತೇವೆಂದು ಬಂದ ಪರದೇಶದ ಸೈನ್ಯಗಳು ಅಷ್ಟು ಹೊತ್ತಿಗೆ ಅಲ್ಲಿ ಬೇರು ಬಿಟ್ಟು ಕೂತಿದ್ದವು. ಒಂದು ದಿನ ಮೇಲೆ ಹಾರುವ ಯಂತ್ರದ ಕಣ್ಣಿಗೆ ಕಂಡದ್ದಿಷ್ಟು: ಕತ್ತಲಲ್ಲಿ ಏನೋ ಹೊತ್ತುಕೊಂಡು ಒಂದೆಡೆ ಸೇರುವ ಮಂದಿ, ನಡುವೆ ಬೆಂಕಿ. ಹೊಡೆಯಲು ಅಷ್ಟು ಸಾಕಾಯಿತು. ಇವಳ ಹಿಟ್ಟು ಅವತ್ತು ಸರಿಯಾಗಿ ಉಬ್ಬಿರಲಿಲ್ಲ, ಹೊರಡುವುದು ತಡವಾಯಿತು. ಅಕ್ಕ ಮುಂದೆ ಹೋಗಿದ್ದಳು, ತಿರುಗಿ ಬರಲಿಲ್ಲ. ಯಂತ್ರ ಯಾರದೆಂದು ಯಾರೂ ಒಪ್ಪಿಕೊಳ್ಳಲಿಲ್ಲ.

ಹಾಗೆಂದು ಅಲ್ಲಿ ಮೊದಲು ಆಳುತ್ತಿದ್ದ ಗಡ್ಡದವರ ಮೇಲೆ ಅವಳಿಗೆ ಪ್ರೀತಿಯಿತ್ತೆಂದು ತಿಳಿಯಬಾರದು. ಅವರು ಅವಳ ಗಂಡನನ್ನು ಬಜಾರಿನಲ್ಲಿ ನಿಲ್ಲಿಸಿ ಹೊಡೆದವರು. ಅವರ ಹೆಸರು ಬಂದರೆ ಉಗುಳುತ್ತಿದ್ದಳು. ಈ ಸೈನ್ಯದವರ ಹೆಸರು ಬಂದರೂ ಉಗುಳುತ್ತಿದ್ದಳು. "ಅವರೂ ನನ್ನ ಸಲುವಾಗಿ ಬಂದೇವಿ ಅಂದ್ರು, ಇವರೂ ನನ್ನ ಸಲುವಾಗಿ ಬಂದೇವಿ ಅಂದ್ರು. ನನ್ನ ಬಾಗಲಾ ಬಡದು ಕೇಳಿದವರು ಯಾರೂ ಇಲ್ಲ" ಎನ್ನುತ್ತಿದ್ದಳು.

ನನ್ನ ಅಳಿಯ ಒಳ್ಳೆಯವನು, ಟೀವಿ ನೋಡುತ್ತಾನೆ. ಯುದ್ಧದಲ್ಲಿ ಇಂಥದೆಲ್ಲ ಆಗುತ್ತದೆ, ಹಾಗಂತ ಉಗ್ರರನ್ನು ಬಿಡಲಿಕ್ಕಾಗುತ್ತದೆಯೇ ಎಂದು ಊಟಕ್ಕೆ ಕೂತಾಗ ಹೇಳಿದ. ಕಳ್ಳ ಹೊಕ್ಕಿದ್ದಾನೆಂದು ಓಣಿಗೇ ಬೆಂಕಿಯಿಟ್ಟವನನ್ನು ನಮ್ಮೂರಲ್ಲಿ ಪೊಲೀಸ ಎನ್ನುವುದಿಲ್ಲ ಎಂದೆ. ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ಆ ಸೈನ್ಯದವರು ವರ್ಷಗಟ್ಟಲೆ ಹೊಡೆದರು, ಆಮೇಲೆ ಆ ಗಡ್ಡದವರ ಕೈಗೇ ದೇಶ ಬಿಟ್ಟು ವಿಮಾನ ಹತ್ತಿದರು. ಇದನ್ನು ತಿಳಿಯಲು ನನಗೆ ಐದನೇ ಇಯತ್ತೆ ಬೇಕಾಗಲಿಲ್ಲ.

ಇಂಥ ಮನೆಯಲ್ಲಿ ನನ್ನ ಮೊಮ್ಮಗಳಿಗೆ ನೌಕರಿ ಸಿಕ್ಕಿತು. ಮೇಲೆ ಹಾರುವ ಯಂತ್ರಗಳಿಗೆ ಕಣ್ಣು ಕೊಡುವ ಕಂಪನಿ. ಕೆಳಗಿರುವುದು ಯಾರು, ಹೊಡೆಯಬೇಕೋ ಬಿಡಬೇಕೋ ಎಂದು ಸೈನ್ಯದವರಿಗೆ ಹೇಳುವ ಕಂಪ್ಯೂಟರು. ಮಗಳು ಮಿಠಾಯಿ ಹಂಚಿದಳು. ನಾನು ಮೊಮ್ಮಗಳನ್ನು ಕೂರಿಸಿ ರೊಟ್ಟಿಯವಳ ಅಕ್ಕನ ಕಥೆ ಹೇಳಿದೆ. ಕೇಳಿ ಹುಡುಗಿ ಅತ್ತಳು. ನೌಕರಿ ಬಿಡುತ್ತಾಳೆ ಎಂದುಕೊಂಡೆ. ಅವಳು ಕಣ್ಣೊರೆಸಿಕೊಂಡು, ಅದಕ್ಕೇ ನಾವು ಇದನ್ನು ಮಾಡುತ್ತಿರುವುದು, ಇನ್ನು ಮೇಲೆ ಅಂಥ ತಪ್ಪು ಆಗುವುದಿಲ್ಲ ಎಂದಳು. ಮರುದಿನ ತಾನೇ ಬೇಲಿ ದಾಟಿ ಹೋಗಿ ರೊಟ್ಟಿಯವಳಲ್ಲಿ ಒಂದು ಉಪಕಾರ ಕೇಳಿದಳು. ಹೆಂಗಸರು ಹಲಗೆ ಹೊತ್ತು ಹೇಗೆ ನಡೆಯುತ್ತಿದ್ದರೆಂದು ತೋರಿಸಬೇಕು, ಮೇಲಿನಿಂದ ಚಿತ್ರ ತೆಗೆದು ಯಂತ್ರಕ್ಕೆ ಕಲಿಸುತ್ತೇನೆ ಎಂದಳು.

ರೊಟ್ಟಿಯವಳು ಒಪ್ಪುತ್ತಾಳೆಂದು ನಾನು ತಿಳಿದಿರಲಿಲ್ಲ. ಒಪ್ಪಿದಳು. ಅಕ್ಕನದೊಂದು ಹಸಿರು ಚಾದರವಿತ್ತು, ಅದನ್ನು ಹೊದ್ದು ಬಂದಳು. ಹಲಗೆಯ ಮೇಲೆ ಹಿಟ್ಟಿನ ಉಂಡೆಯಿಟ್ಟು ಹೊತ್ತುಕೊಂಡಳು. ಮೊಮ್ಮಗಳು ಅಂಗೈಯಗಲದ ಹಾರುವ ಕ್ಯಾಮೆರಾ ಬಿಟ್ಟಳು. ಅದು ಜೇನುಹುಳದಂತೆ ಗುಂಯ್‌ಗುಟ್ಟಿದ ಕೂಡಲೇ ಮುದುಕಿ ಬೇಲಿಯ ನೆರಳಿಗೆ ಸರಿದದ್ದು ನನಗೆ ಈ ಕಡೆಯಿಂದಲೂ ಕಂಡಿತು. ಆದರೂ ನಡೆದಳು. ಬಟ್ಟಬಯಲ ಬಿಸಿಲಲ್ಲಿ, ಹಿತ್ತಲಿನ ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ. ಸಾಕೆಂದು ನಾನು ಕೂಗಿದೆ. ನೀನು ಸುಮ್ಮನಿರು ಎಂದಳು.

ತಿಂಗಳು ಕಳೆಯಿತು. ಮೊಮ್ಮಗಳು ಕುಣಿಯುತ್ತ ಬಂದಳು. ನಾನೂ ರೊಟ್ಟಿಯವಳೂ ಒಲೆಯ ಹತ್ತಿರ ಕೂತಿದ್ದೆವು.

"ನಾನಿ, ಇಟ್ ವರ್ಕ್ಸ್! ರೊಟ್ಟಿ ಹೊತ್ತವರು ಅಂತ ಯಂತ್ರಕ್ಕ ಗೊತ್ತಾಗತದ ಈಗ. ಆಫೀಸಿನಾಗ ಎಲ್ಲಾರೂ ಚಪ್ಪಾಳಿ ಹೊಡೆದ್ರು."

ನಾನು ಅದನ್ನು ರೊಟ್ಟಿಯವಳಿಗೆ ತಿಳಿಯುವಂತೆ ಹೇಳಿದೆ. ಅವಳು ಕೈಯಲ್ಲಿದ್ದ ಹಿಟ್ಟನ್ನು ತಟ್ಟುತ್ತಲೇ ಇದ್ದಳು. ಆಮೇಲೆ ತಟ್ಟುವುದು ನಿಂತಿತು.

"ಹಂಗಾರ, ರೊಟ್ಟಿ ಹೊರದವರನ್ನ?" ಎಂದಳು.

ಅಂದರೇನು ಎಂದು ಮೊಮ್ಮಗಳು ಕೇಳಿದಳು.

"ನೀರು ತರೂವರು, ಹೆಣಾ ಹೊರೂವರು, ಮದವಿಗೆ ಹೋಗೂವರು. ಕೈಯಾಗ ಏನೂ ಇಲ್ಲದ ಸುಮ್ಮ ನಿಂತವರು. ಅವರನ್ನ ಹೊಡೀತೀರೇನು? ನಾ ನಡದದ್ದು ಅದಕ್ಕೇನು?"

ಹುಡುಗಿ ಇಂಗ್ಲಿಷಿನಲ್ಲಿ ಏನೋ ಉದ್ದ ಹೇಳತೊಡಗಿದಳು. ರೊಟ್ಟಿಯವಳು ಬೆಂದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು, ಒಲೆಯ ಬಾಯಿಗೆ ಮುಚ್ಚಳ ಎಳೆದಳು. ಈ ಕೆಲಸ ಬಿಡುವತನಕ ಈ ಹುಡುಗಿಗೆ ನನ್ನ ಒಲೆಯ ರೊಟ್ಟಿಯಿಲ್ಲ ಎಂದು ನನಗೆ ಹೇಳಿದಳು. "ನೀ ಬಾ, ಇಲ್ಲೇ ಕೂತು ತಿನ್ನು. ಮನಿಗೆ ಒಯ್ಯಬ್ಯಾಡ."

ಮಗಳಿಗೆ ಸಿಟ್ಟು ಬಂತು. ಚಿತ್ರ ತೆಗೆಯಲು ತಾನೇ ಒಪ್ಪಿ ಈಗ ನಮ್ಮ ಹುಡುಗಿಗೆ ಅವಮಾನ ಮಾಡಿದಳು, ಅವಳ ಬಾಗಿಲಿಗೆ ಹೋಗಬೇಡ ಎಂದಳು. ನಾನು ಹೋದೆ. ದಿನಾಲೂ ಹೋಗಿ ಅಲ್ಲೇ ಕೂತು ತಿಂದು, ಕೈ ಜಾಡಿಸಿ ಬಂದೆ. ಸೆರಗಿನಲ್ಲಿ ಒಂದು ಚೂರೂ ತರಲಿಲ್ಲ.

ಹೋದ ಚಳಿಗಾಲದಲ್ಲಿ ರೊಟ್ಟಿಯವಳಿಗೆ ಎದೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ನಾನು ಹತ್ತಿರ ಕೂತಾಗಲೂ ಬೈಗುಳವೇ; ಅಲ್ಲಿನ ಬ್ರೆಡ್ಡನ್ನು ಅರಳೆ ಎನ್ನುತ್ತಿದ್ದಳು. ಅಲ್ಲೇ ತೀರಿಕೊಂಡಳು. ಮೈ ತೊಳೆಯಲು ಕೂತ ಹೆಂಗಸರಲ್ಲಿ ನಾನೂ ಒಬ್ಬಳು. ಬಲಗೈ ತೊಳೆಯುವುದನ್ನು ನಾನು ಬೇರೆಯವರಿಗೆ ಬಿಡಲಿಲ್ಲ. ಅಳಲಿಲ್ಲ. ಅಳುವವಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ.

ಒಲೆಯನ್ನು ಕಿತ್ತುಹಾಕುತ್ತೇನೆಂದು ಅವಳ ಸೊಸೆ ಹೇಳಿದಳು. ಬೇಡ, ನಾನು ಹಚ್ಚುತ್ತೇನೆ ಎಂದೆ. ಮೊದಲು ನನ್ನ ರೊಟ್ಟಿ ಗೋಡೆ ಬಿಟ್ಟು ಬೂದಿಗೆ ಬಿದ್ದವು. ಈಗ ಹಿಡಿಯುತ್ತವೆ. ನನ್ನ ಬಲಗೈಯ ಕೂದಲೂ ಹೋಗಿವೆ. ಬಿಸಿಲು ಏರುವತನಕ ಹಚ್ಚುವುದಿಲ್ಲ. ಕೊಳ್ಳುವವರು ಗೊಣಗಿಕೊಂಡು ಕಾಯುತ್ತಾರೆ.

ಮೊಮ್ಮಗಳು ಭಾನುವಾರ ಒಲೆಯ ಹತ್ತಿರ ಬರುತ್ತಾಳೆ. ಕೊಳ್ಳುವವರ ಸಾಲಿನಲ್ಲಿ ನಿಲ್ಲುತ್ತಾಳೆ, ಅದನ್ನು ಮೆಚ್ಚಬೇಕು. ಅವಳ ಸರದಿ ಬಂದಾಗ ನಾನು ಒಂದೇ ಮಾತು ಕೇಳುತ್ತೇನೆ.

"ನೌಕರಿ ಬಿಟ್ಟಿ ಏನು?"

"ಇಟ್ಸ್ ನಾಟ್ ದಟ್ ಸಿಂಪಲ್, ನಾನಿ."

ನಾನೇ ಹೆತ್ತವಳ ಮಗಳು. ಮುಖ ಇಳಿದಿರುತ್ತದೆ, ಹಸಿವೆಯೂ ಆಗಿರುತ್ತದೆ. ಅವಳ ಹಿಂದೆ ನಿಂತವರಿಗೆ ಮುಂದೆ ಬನ್ನಿ ಎನ್ನುತ್ತೇನೆ.