ಹ್ಯಾರೋದಲ್ಲಿ ಹಲ್ಲಿ ಲೊಚಗುಟ್ಟಿದ್ದು

ಲಂಡನ್ನಿನ ಹ್ಯಾರೋದ ಮನೆಗಳಲ್ಲಿ ಹಲ್ಲಿಗಳಿಲ್ಲ. ಆದರೂ ವಿಮಲಾ ಆಂಟಿ ಫೋನ್ ಮಾಡಿ, "ಕಂಪ್ಯೂಟರ್ ಒಳಗೆ ಹಲ್ಲಿ ಲೊಚಗುಟ್ಟುತ್ತಿದೆ, ಬಂದು ನೋಡಪ್ಪ" ಅಂದರು. ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಹಾಗೇ ಸದ್ದು ಮಾಡುತ್ತದೆ.

ತೀರಿಕೊಂಡ ಅವರ ಅಕ್ಕ ಹಾಡಿದ ಹಾಡುಗಳೆಲ್ಲ ಅದರಲ್ಲೇ ಇದ್ದವು. ಬೇರೆ ಕಾಪಿ ಇರಲಿಲ್ಲ. ಅವರ ಮನೆಗೆ ಹೋದವನೇ ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಮ್ ಹಾಕಿದೆ. ಹಸಿರಿರಬೇಕಾದ ಕಡೆ ಹಳದಿ ಎಚ್ಚರಿಕೆ. ಓದಲಾಗದ ಜಾಗಗಳ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ತಕ್ಷಣ ಹಾಡುಗಳನ್ನು ಬೇರೆ ಡಿಸ್ಕಿಗೆ ಕಾಪಿ ಮಾಡತೊಡಗಿದೆ.

"ಇದು ಯಾವಾಗ ಬೇಕಾದರೂ ನಿಂತುಹೋಗಬಹುದು ಆಂಟಿ," ಅಂದೆ.

ಲೊಚ್, ಲೊಚ್.

ಹಲ್ಲಿ ನುಡಿದರೆ ಆಡಿದ ಮಾತು ನಿಜವಾಗುತ್ತದಲ್ಲ! ಆಂಟಿ ಗಾಬರಿಯಿಂದ "ಕೃಷ್ಣ ಕೃಷ್ಣ" ಅನ್ನುತ್ತ, ಡಿಸ್ಕ್ ಇದ್ದ ಮೇಜನ್ನೇ ಬೆರಳಿನಿಂದ ತಟ್ಟಿದರು.

"ಅಯ್ಯೋ, ತಟ್ಟಬೇಡಿ!" ಎಂದು ಕಿರುಚಿಬಿಟ್ಟೆ. ಸಾಯುತ್ತಿರುವ ಡಿಸ್ಕಿಗೆ ಅಷ್ಟು ಅಲುಗಾಟವೂ ಹೆಚ್ಚೇ. ಆಮೇಲೆ ಇಬ್ಬರೂ ಕೈಕಟ್ಟಿಕೊಂಡು, ಮಾತೇ ಆಡದೆ, ಸ್ಕ್ರೀನ್ ಮೇಲಿನ ಗೆರೆ ತೆವಳುವುದನ್ನು ನೋಡುತ್ತ ಕೂತೆವು.

ಕೊನೆಯ ಹಾಡೂ ಬಂತು. ಹಾಕಿ ಕೇಳಿದೆವು, ಅಕ್ಕನ ದನಿ ಸ್ವಚ್ಛವಾಗಿತ್ತು.

"ಎಲ್ಲಾ ಉಳೀತು ಆಂಟಿ," ಅಂದೆ.

ಲೊಚ್, ಲೊಚ್.

ಈ ಸಲ ಮೇಜು ತಟ್ಟಿದ್ದು ನಾನೇ.