ಕಲ್ಲಾಮೆ ಆಡಿದ ದಿನ ಬಂದ ಫೋನು

ಆರು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ ನನ್ನದಲ್ಲ. ಅದು ನನ್ನ ಗೆಳೆಯ ಶಿವಮಾದುವಿನದು. ಅವನಿಗೆ ಬಂದ ಫೋನನ್ನು ನಾನು ಎತ್ತಿದೆ, ಅವನಿಗೆ ಹೇಳಲಿಲ್ಲ, ಅವನ ಜಾಗದಲ್ಲಿ ಹೋಗಿ ಕೂತೆ. ಇಷ್ಟೇ. ಇಷ್ಟನ್ನು ಹೇಳಲು ಆರು ವರ್ಷ ಬೇಕಾಯಿತೇ ಎಂದು ಯಾರಾದರೂ ಕೇಳಿದರೆ — ಹೌದು, ಬೇಕಾಯಿತು.

ನಮ್ಮ ಮನೆಯಲ್ಲಿ ಡಿಗ್ರಿ ಓದಿದ ಮೊದಲನೆಯವನು ನಾನು. ಈ ಮಾತನ್ನು ಇವತ್ತೂ ಹೆಮ್ಮೆಯಿಂದಲೇ ಹೇಳುತ್ತೇನೆ, ಆ ಹೆಮ್ಮೆಯನ್ನು ಬಿಟ್ಟುಕೊಡಲಾರೆ. ಅಪ್ಪ ಬಿಳಿಗೆರೆ ಕಡೆ ಗಾರೆ ಕೆಲಸ ಮಾಡುತ್ತಿದ್ದ. ಕಾಲೇಜಿನ ಅರ್ಜಿಯಲ್ಲಿ ಅವನ ಹೆಬ್ಬೆರಳು ಹಿಡಿದು ಒತ್ತಿಸಿದವನು ನಾನೇ. ಕೆಮಿಸ್ಟ್ರಿಯನ್ನು ಅರ್ಥವಾಗದ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ, ಎರಡು ಪೇಪರ್ ಬಿದ್ದು, ಮತ್ತೆ ಕಟ್ಟಿ ಪಾಸಾದವನು. ಶಿವಮಾದುವಿನದೂ ಅದೇ ಕಥೆ. ಅವನ ಅವ್ವ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರಿ ಓದಿಸಿದ್ದರು. ವ್ಯತ್ಯಾಸವೆಂದರೆ ಅವನು ಒಂದು ಪೇಪರೂ ಬೀಳಲಿಲ್ಲ. ಪರೀಕ್ಷೆಯ ಹಿಂದಿನ ದಿನ ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟವನು ಅವನೇ — ಇದನ್ನು ಬರೆಯದೆ ಬಿಡಬಹುದಿತ್ತು. ಬಿಡುವುದಿಲ್ಲ.

ಡಿಗ್ರಿ ಮುಗಿದ ಮೇಲೆ ನಂಜನಗೂಡಿನ ರೈಲ್ವೆ ಸ್ಟೇಷನ್ ಹಿಂದೆ ಇಬ್ಬರೂ ಒಂದು ರೂಮು ಹಿಡಿದೆವು. ಒಂದೇ ಕಿಟಕಿ, ಅದರ ಎದುರಿಗೇ ಪಕ್ಕದ ಮನೆಯ ಗೋಡೆ. ಬೆಳಿಗ್ಗೆ ಕೈಗಾರಿಕಾ ಪ್ರದೇಶದ ಗೇಟುಗಳಿಗೆ ಬಯೊಡೇಟಾ ಕೊಟ್ಟು ಬರುವುದು, ಮಧ್ಯಾಹ್ನ ಮೊಬೈಲಿನಲ್ಲಿ ರಾಕ್ಷಸ ಪ್ರಾಣಿಗಳ ಕಾಳಗ ಆಡುವುದು.

ಆ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಬ್ಬರು ಆಟಗಾರರು, ಒಬ್ಬೊಬ್ಬರಿಗೆ ಮೂರು ಪ್ರಾಣಿ. ಒಂದು ಸುತ್ತಿಗೆ ಒಂದೇ ಅಪ್ಪಣೆ — ಹೊಡಿ, ತಡಿ, ಇಲ್ಲವೇ ಪ್ರಾಣಿ ಬದಲಿಸು. ಇಬ್ಬರ ಅಪ್ಪಣೆಯೂ ಒಟ್ಟಿಗೆ ನಡೆಯುತ್ತದೆ. ಎಲ್ಲರೂ ಬೆಂಕಿ ಉಗುಳುವ, ಮಿಂಚು ಎಸೆಯುವ ಪ್ರಾಣಿಗಳ ಹಿಂದೆ ಬಿದ್ದರೆ ಶಿವಮಾದು ಹಿಡಿದದ್ದು ಯಾರೂ ಮುಟ್ಟದ ಒಂದು ಆಮೆಯನ್ನು. ಮೈಯೆಲ್ಲ ಬಂಡೆ. ನಾವು ಅದನ್ನು ಕಲ್ಲಾಮೆ ಅನ್ನುತ್ತಿದ್ದೆವು. ಅದರ ಏಟಿಗೆ ಸೊಳ್ಳೆಯೂ ಸಾಯುವುದಿಲ್ಲ. ಆದರೆ ಅದು ನಾಲ್ಕು ಕೆಲಸ ಬಲ್ಲದು. ಎದುರಾಳಿಗೆ ವಿಷ ಏರಿಸುವುದು — ಮೊದಲ ಸುತ್ತಿನಲ್ಲಿ ಸ್ವಲ್ಪ, ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಜಾಸ್ತಿ, ಹೀಗೆ ಏರುತ್ತಲೇ ಹೋಗುವ ವಿಷ. ಚಿಪ್ಪಿನೊಳಗೆ ಸೇರಿ ಒಂದು ಸುತ್ತು ಯಾವ ಏಟೂ ತಾಗದಂತೆ ಇರುವುದು. ಸೊಪ್ಪು ತಿಂದು ಕಳೆದುಕೊಂಡ ಜೀವ ತುಂಬಿಕೊಳ್ಳುವುದು. ಕೊನೆಯದು, ಎದುರಾಳಿಯ ಕಾಲು ಕಚ್ಚಿ ಹಿಡಿಯುವುದು. ಹಿಡಿದರೆ ಆ ಪ್ರಾಣಿಯನ್ನು ಬದಲಿಸಿ ಹೊರಗೆ ಕರೆಯುವ ಹಾಗಿಲ್ಲ.

"ಇದ್ನ ಏಟು ತಿನ್ನಕ್ಕೆ ಅಂತ ಮೊದ್ಲೇ ಕಳಿಸ್ಬಾರ್ದು ಕಣ್ಲಾ," ಅನ್ನುತ್ತಿದ್ದ ಶಿವಮಾದು. "ಇದು ತಡ್ಕೊಳ್ಳೋ ಅಂತ ಏಟು ಯಾವ್ದು, ಅದು ಯಾವಾಗ ಬತ್ತದೆ, ನೋಡ್ಕೊಂಡು ಆಗ ಬಿಡ್ಬೇಕು. ಅರ್ಧ ಜೀವ ಇದ್ದಾಗ್ಲೇ ಸೊಪ್ಪು ತಿನ್ಸು. ಸಾಯೋವಾಗ ತಿನ್ಸುದ್ರೆ ಏನ್ ಬಂತು, ತಿಥಿ ಊಟ."

"ಇದೇನ್ಲಾ ಕಳ್ಳಾಟ, ಒಂದೇಟೂ ಹೊಡೀದಂಗೆ ಗೆಲ್ಲೋದು?" ಅಂತ ನಾನು.

"ಈ ನಂಜನಗೂಡ್ ಸ್ವಾಮಿ ವಿಷ ಕುಡ್ದು ಲೋಕ ಗೆದ್ದ. ನಾನು ಕುಡ್ಸಿ ಗೆಲ್ತೀನಿ. ಓಗ್ಲಾ, ಟೀ ಮಾಡೋಗು."

ಇನ್ನೊಂದು ಮಾತನ್ನೂ ಅವನು ಹೇಳುತ್ತಿದ್ದ, ಅದು ನನಗೆ ಈಗ ಹೆಚ್ಚು ನೆನಪಾಗುತ್ತದೆ. ಕಲ್ಲಾಮೆ ಆಡಿಸುವವರು ಸೋಲುವುದು ಅಂಜಿಕೆಯಿಂದ ಅಲ್ಲ, ಅಭ್ಯಾಸದಿಂದ. ಸುಮ್ಮನೆ ಸೊಪ್ಪು ತಿನ್ನಿಸುತ್ತಾ ಕೂತರೆ ಎದುರಿನವನು ಆ ಹೊತ್ತಿನಲ್ಲಿ ತನ್ನ ಬಲ ಏರಿಸಿಕೊಳ್ಳುತ್ತಾನೆ. ಆಮೇಲೆ ಒಂದೇ ಏಟು, ಬಂಡೆ ಪುಡಿ. ಆದ್ದರಿಂದ ಕಾಯುವುದನ್ನು ಯಾವಾಗ ನಿಲ್ಲಿಸಬೇಕು ಎಂದು ಗೊತ್ತಿರಬೇಕು.

ಫೋನಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಗ್ಗದ ಮೊಬೈಲುಗಳಲ್ಲಿ ಕರೆ ಬಂತೆಂದರೆ ನೆಟ್ ನಿಂತುಹೋಗುತ್ತಿತ್ತು, ಸುತ್ತು ತಪ್ಪಿ ಆಟ ಸೋತ ಹಾಗೆಯೇ. ಅದಕ್ಕೆ ನಮ್ಮಲ್ಲೊಂದು ಪದ್ಧತಿ. ಯಾರಿಗೆ ದೊಡ್ಡ ಪಂದ್ಯವೋ ಅವನು ತನ್ನ ಕರೆಗಳನ್ನೆಲ್ಲ ಇನ್ನೊಬ್ಬನ ನಂಬರಿಗೆ ಫಾರ್ವರ್ಡ್ ಮಾಡಿ ಕೂರುವುದು. ಇನ್ನೊಬ್ಬ ಎತ್ತಿ ಮಾತಾಡಿ, ಬೇಕಾದ್ದನ್ನು ಹೇಳುವುದು. ಅವನ ಅವ್ವನಿಗೆ ನಾನೇ ಎಷ್ಟೋ ಸಲ "ಊಟ ಆಯ್ತು ಅವ್ವ, ಚೆನ್ನಾಗವ್ನೆ" ಅಂದಿದ್ದೇನೆ.

ಆ ವಾರ ನಾವಿಬ್ಬರೂ ಒಂದು ಕಾರ್ಖಾನೆಯ ಪರೀಕ್ಷಾ ಲ್ಯಾಬಿಗೆ ಇಂಟರ್‌ವ್ಯೂ ಕೊಟ್ಟು ಬಂದಿದ್ದೆವು. ಇದ್ದದ್ದು ಒಂದೇ ಜಾಗ. "ನಿಮ್ಮಿಬ್ಬರಲ್ಲಿ ಒಬ್ಬರನ್ನ ಕರೀತೀವಿ" ಅಂದು ಕಳಿಸಿದ್ದರು. ಎರಡು ದಿನ ಕಾದೆವು. ಮೂರನೆಯ ದಿನ ಶಿವಮಾದುವಿಗೆ ಆನ್‌ಲೈನ್ ಟೂರ್ನಮೆಂಟಿನ ಫೈನಲ್. ಕರೆಗಳನ್ನು ನನ್ನ ನಂಬರಿಗೆ ತಿರುಗಿಸಿ, ಚಾಪೆಯ ಮೇಲೆ ಗೋಡೆಗೆ ಒರಗಿ ಕೂತ.

ಮಧ್ಯಾಹ್ನ ಎರಡೂವರೆ ಇರಬೇಕು. ಫೋನು ಬಂತು. ಹೆಂಗಸಿನ ಧ್ವನಿ. "ಶಿವಮಾದು ಅವರಾ?"

"ಅಲ್ಲ ಮೇಡಂ, ಅವ್ರ ಫ್ರೆಂಡು."

"ಲಿಸ್ಟಲ್ಲಿ ಅವರ ಹೆಸರು ಮೊದಲಿದೆ. ಇವತ್ತು ನಾಲ್ಕು ಗಂಟೆ ಒಳಗೆ ಒರಿಜಿನಲ್ ಸರ್ಟಿಫಿಕೇಟ್ ತಗೊಂಡು ಬರಬೇಕು. ಇಲ್ಲಾಂದ್ರೆ ಎರಡನೇ ಹೆಸರು ಕರೀತೀವಿ."

ಎರಡನೇ ಹೆಸರು. ಅದು ಯಾರದೆಂದು ನನಗೆ ಬೇರೆ ಹೇಳಬೇಕಿರಲಿಲ್ಲ.

"ಹೇಳ್ತೀನಿ ಮೇಡಂ" ಅಂದೆ. ಹಾಗೆ ಅಂದಾಗ ಹೇಳುವ ಮನಸ್ಸೇ ಇತ್ತು — ಇತ್ತೆಂದೇ ನಂಬಿದ್ದೇನೆ. ಬಾಗಿಲ ಬಳಿಯಿಂದ ಅವನು ಕೂತಲ್ಲಿಗೆ ನಾಲ್ಕು ಹೆಜ್ಜೆ. ಅಷ್ಟರಲ್ಲಿ ಅವನು ತಲೆ ಎತ್ತದೆಯೇ ಕೇಳಿದ. "ಯಾರ್ಲಾ ಅದು?"

"ಯಾವ್ದೋ ಸಿಮ್ ಕಂಪ್ನಿಯೋರು."

ಈ ಮಾತು ನನ್ನ ಬಾಯಿಂದ ಸಲೀಸಾಗಿ ಬಂತು. ಇನ್ನೊಂದು ನಿಮಿಷಕ್ಕೆ ಹೇಳೋಣ, ಪಂದ್ಯ ಮುಗಿಯಲಿ, ಅವನ ಗಮನ ಕೆಡಿಸುವುದು ಬೇಡ, ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಅವನ ಪಕ್ಕ ಕೂತೆ. ಕೈಗಾರಿಕಾ ಪ್ರದೇಶಕ್ಕೆ ಆಟೋದಲ್ಲಿ ಕಾಲು ಗಂಟೆ. ಮೂರೂವರೆಗೆ ಹೊರಟರೂ ಸಾಕು.

ಎದುರಾಳಿಯದೂ ತಡೆಯುವ ಪ್ರಾಣಿಯೇ. ಬಂಡೆಗೆ ಬಂಡೆ. ಒಂದೊಂದು ಸುತ್ತಿಗೆ ಒಂದು ನಿಮಿಷದ ಗಡುವು, ಇಬ್ಬರೂ ಕೊನೆಯ ಸೆಕೆಂಡಿನವರೆಗೆ ಕಾಯುತ್ತಿದ್ದರು. ಮೂರು ಗಂಟೆ ದಾಟಿತು. ಶಿವಮಾದುವಿನ ಆಮೆ ಎದುರಿನದರ ಕಾಲು ಕಚ್ಚಿ ಹಿಡಿದಿತ್ತು, ವಿಷ ಏರುತ್ತಿತ್ತು. ಆಗ ಅವನಿಗೆ ಎರಡು ದಾರಿ ಇದ್ದವು. ಹಿಡಿತ ಬಿಟ್ಟು, ಆಮೆಯನ್ನು ಹಿಂದಕ್ಕೆ ಕರೆದು, ಹೊಡೆಯುವ ಪ್ರಾಣಿಯನ್ನು ಬಿಟ್ಟು ಬೇಗ ಮುಗಿಸುವುದು. ಇಲ್ಲ, ಕಚ್ಚಿಕೊಂಡೇ ಇದ್ದು ವಿಷ ಕೊಲ್ಲುವವರೆಗೆ ಕಾಯುವುದು. ಅವನು ಯಾವತ್ತೂ ನನ್ನನ್ನು ಕೇಳಿದವನಲ್ಲ. ಅವತ್ತು ಕೇಳಿದ.

"ಒಡ್ದು ಮುಗಿಸ್ಲಾ, ಇಲ್ಲ ಕಾಯ್ಲಾ?"

ನಾನು ಗೋಡೆಯ ಗಡಿಯಾರ ನೋಡಿದೆ. ಮೂರು ಇಪ್ಪತ್ತು.

"ಕಾಯಿ," ಅಂದೆ.

ಅವನು ಕಾದ.

ಇಷ್ಟು ವರ್ಷ ನನಗೆ ನಾನು ಹೇಳಿಕೊಂಡ ಕಥೆ ಇಲ್ಲಿಗೇ ನಿಲ್ಲುತ್ತಿತ್ತು. ನಾನು ಏನೂ ಮಾಡಲಿಲ್ಲ, ಸುಮ್ಮನಿದ್ದೆ, ಹೊತ್ತು ಹೋಯಿತು. ಕಲ್ಲಾಮೆಯ ಹಾಗೆ, ಒಂದೇಟೂ ಹೊಡೆಯದೆ. ಆದರೆ ಅದು ಪೂರ್ತಿ ನಿಜವಲ್ಲ. ಇದನ್ನು ಬರೆಯಲು ಪೆನ್ನು ಎರಡು ಸಲ ಕೆಳಗಿಟ್ಟೆ.

ಮೂರೂ ಮುಕ್ಕಾಲಿಗೆ ಆ ಮೇಡಂ ಮತ್ತೆ ಫೋನ್ ಮಾಡಿದರು. ನಾನು ಎದ್ದು ರೂಮಿನ ಹೊರಗೆ ಹೋದೆ. "ಹೊರಟ್ರಾ ಅವರು?" ಅಂತ ಕೇಳಿದರು. ಆಗಲಾದರೂ ಒಳಗೆ ಹೋಗಿ ಫೋನನ್ನು ಅವನ ಕೈಗೆ ಕೊಡಬಹುದಿತ್ತು. ಒಂದರ್ಧ ಗಂಟೆ ತಡವಾದರೂ ಅವರು ಒಪ್ಪುತ್ತಿದ್ದರೇನೋ, ಧ್ವನಿಯಲ್ಲಿ ಕರುಣೆ ಇತ್ತು.

"ಅವ್ರಿಗೆ ಈ ಕೆಲ್ಸ ಬೇಡ್ವಂತೆ ಮೇಡಂ."

ಇದು ನಾನು ಹೊಡೆದ ಏಟು.

ಅರ್ಧ ಗಂಟೆಗೆ, ನಾನಿನ್ನೂ ಹೊರಗೇ ನಿಂತಿದ್ದಾಗ, ಅದೇ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ನನ್ನ ಹೆಸರು ಕೇಳಿದರು. ಮೊದಲು ಮಾತಾಡಿದ ಗೆಳೆಯನೂ ಇವನೇ ಎಂದು ಗೊತ್ತಾಗಬಾರದಲ್ಲ — ಗಂಟಲನ್ನು ದಪ್ಪ ಮಾಡಿಕೊಂಡು ಮಾತಾಡಿದೆ. ಲ್ಯಾಬಿನಲ್ಲಿ ಇವತ್ತಿಗೂ ಫೋನ್ ಎತ್ತಿದಾಗ ಮೊದಲ "ಹಲೋ" ಅದೇ ದಪ್ಪ ಧ್ವನಿಯಲ್ಲಿ ಬರುತ್ತದೆ. ಬದಲಿಸಲು ಆಗಿಲ್ಲ.

ಒಳಗೆ ಬಂದಾಗ ಶಿವಮಾದು ಚಾಪೆಯ ಮೇಲೆ ಕುಣಿಯುತ್ತಿದ್ದ. ಗೆದ್ದಿದ್ದ. "ನೀನ್ ಕಾಯಿ ಅಂದಿದ್ದಕ್ಕೆ ಗೆದ್ದೆ ಕಣ್ಲಾ!" ಅಂದ. ನನಗೆ ಕೆಲಸ ಸಿಕ್ಕಿತು ಎಂದೆ. ಒಂದು ಕ್ಷಣ ಅವನ ಮುಖ — ಆ ಒಂದು ಕ್ಷಣ ಮಾತ್ರ. ಆಮೇಲೆ ಬಂದು ತಬ್ಬಿಕೊಂಡ. "ನಿಂದೇ ಫಸ್ಟ್ ಬಂದದೆ. ನಂದು ಎಲ್ಲೋ ಇಂಗ್ಲಿಷಲ್ಲಿ ಎಡವಟ್ಟಾಗದೆ, ಬುಡು. ಇವತ್ತು ನಮ್ಮಿಬ್ರುಗೂ ಗೆಲುವು." ಹೊರಗೆ ಹೋಗಿ ರಸಬಾಳೆಯ ಒಂದು ಚಿಪ್ಪು ತಂದ. ನಾನು ಎರಡು ಹಣ್ಣು ತಿಂದೆ. ತಿನ್ನಲು ಆಯಿತು, ಅದೇ ಆಶ್ಚರ್ಯ.

ಎರಡು ತಿಂಗಳಿಗೆ ಅವನು ರೂಮು ಬಿಟ್ಟು ಊರಿಗೆ ಹೋದ. ಈಗ ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಎದುರು ಅವನದೊಂದು ಜೆರಾಕ್ಸ್ ಅಂಗಡಿ. ಓದಿದ ಹುಡುಗ ಹುಡುಗಿಯರಿಗೆ ಕೆಲಸದ ಅರ್ಜಿ ತುಂಬಿಕೊಡುತ್ತಾನೆ. ಕಷ್ಟದಲ್ಲೇನೂ ಇಲ್ಲ, ಹೆಂಡತಿ ಗೌರಿ, ಒಂದು ಹೆಣ್ಣುಮಗು, ನಗುನಗುತ್ತಲೇ ಇದ್ದಾನೆ. ಅವನು ಚೆನ್ನಾಗಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಇದ್ದದ್ದನ್ನು ಬರೆಯುತ್ತಿದ್ದೇನೆ.

ಭಾನುವಾರದ ಪಂದ್ಯಗಳನ್ನು ಅವನು ಬಿಟ್ಟಿಲ್ಲ. ಕಲ್ಲಾಮೆಯನ್ನೂ ಬಿಟ್ಟಿಲ್ಲ. ಮತ್ತೆ — ಆಡಲು ಕೂರುವ ಮೊದಲು ಕರೆಗಳನ್ನು ಇವತ್ತಿಗೂ ನನ್ನ ನಂಬರಿಗೇ ಫಾರ್ವರ್ಡ್ ಮಾಡುತ್ತಾನೆ. ಈಗಿನ ಫೋನುಗಳಿಗೆ ಅದು ಬೇಕೇ ಇಲ್ಲ. "ಅದೊಂದು ಅಭ್ಯಾಸ ಕಣ್ಲಾ, ನಿನ್ ಅತ್ರ ಇದ್ರೆ ಕಳ್ದೋಗಲ್ಲ" ಅನ್ನುತ್ತಾನೆ. ಆರು ವರ್ಷದಿಂದ ನನ್ನ ಭಾನುವಾರಗಳು ಹೀಗೆ. ಅರ್ಜಿಯ ಕೊನೆ ದಿನ ಕೇಳುವವರು, ಕರೆಂಟಿನವರು, ಗೌರಿ. ಒಂದೊಂದು ಸಲ ಫೋನು ಬಡಿದಾಗಲೂ ನಾನು ಆ ಎರಡೂವರೆ ಗಂಟೆಗೆ ಹೋಗಿ ನಿಲ್ಲುತ್ತೇನೆ. ಎತ್ತುತ್ತೇನೆ, ಒಂದಕ್ಷರ ಬಿಡದೆ ಬರೆದು ಅವನಿಗೆ ಮೆಸೇಜು ಮಾಡುತ್ತೇನೆ. ಏನು ಪ್ರಯೋಜನ. ಕಚ್ಚಿ ಹಿಡಿಯುವ ಆಟದಲ್ಲಿ ಒಂದು ನಿಯಮ ಇದೆ, ಹಿಡಿಸಿಕೊಂಡವನು ಮಾತ್ರವಲ್ಲ, ಹಿಡಿದ ಆಮೆಯೂ ಅಲ್ಲೇ ಇರಬೇಕು, ಅಲುಗಿದರೆ ಹಿಡಿತ ತಪ್ಪುತ್ತದೆ. ಮೈಸೂರಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಎರಡು ಸಲ ಕರೆದರು. ಹೋಗಲಿಲ್ಲ. ರಾಜೀನಾಮೆ ಬರೆದೂ ಇಟ್ಟಿದ್ದೆ. ನಾನು ಬಿಟ್ಟ ಮಾತ್ರಕ್ಕೆ ಅದು ಅವನಿಗೆ ಸಿಗುವುದಿಲ್ಲವಲ್ಲ ಎಂದು ಹರಿದೆ. ಅಥವಾ ಅದೂ ಒಂದು ನೆಪ.

ಹೋದ ಭಾನುವಾರ ಗೌರಿ ಫೋನ್ ಮಾಡಿದ್ದಳು.

"ಅಣ್ಣ, ಇನ್ನೂ ಆಡ್ತಾ ಅವ್ರಾ? ಸಾರು ಆರೋಯ್ತಾ ಅದೆ ಅಂತ ಏಳಿ. ಆ ಆಮೇನ ತಂದ್ರೆ ಅದ್ನೂ ಬೇಯಿಸ್ಬುಡ್ತೀನಿ."

ನಕ್ಕೆ. ಅವಳೂ ನಕ್ಕಳು. ಆಮೇಲೆ ಸುಮ್ಮನೆ ಮಾತಿಗೆ ಹೇಳಿದಳು. "ಅಂಗ್ಡೀಗೆ ಬರೋ ಉಡುಗ್ರಿಗೆಲ್ಲ ಒಂದೇ ಮಾತು ಅಣ್ಣ ಇವ್ರುದು. ಚೆನ್ನಾಗ್ ಓದ್ಕಳಿ, ನನ್ ತರ ಎರಡನೇ ನಂಬರ್ ಆಗ್ಬೇಡಿ ಅಂತಾರೆ. ನಗಾಡ್ಕಂಡೇ ಏಳ್ತಾರೆ. ನಂಗ್ಯಾಕೋ ಸರಿ ಅನ್ಸಲ್ಲ."

ನಾನು ಅವನಿಂದ ಕಿತ್ತುಕೊಂಡದ್ದು ಕೆಲಸ ಎಂದುಕೊಂಡಿದ್ದೆ. ಕೆಲಸ ಅವನಿಗೆ ಇನ್ನೊಂದು ಸಿಕ್ಕಿತು. ಆದರೆ ಅವನು ಮೊದಲನೆಯವನು. ಹೂವು ಮಾರಿದ ತಾಯಿಯ ಮಗ, ನನಗೆ ಪಾಠ ಹೇಳಿಕೊಟ್ಟವನು, ಆ ಪಟ್ಟಿಯಲ್ಲಿ ಮೊದಲು ಬಂದಿದ್ದ. ಅದು ಅವನಿಗೆ ಗೊತ್ತಿಲ್ಲ. ಅವನ ಅವ್ವ ಹೋದ ವರ್ಷ ತೀರಿಕೊಂಡರು, ಅವರಿಗೂ ಗೊತ್ತಾಗಲಿಲ್ಲ. ನನ್ನ ಹೆಮ್ಮೆಗೆ ನಾನು ಎಷ್ಟು ಬೆಲೆ ಕೊಡುತ್ತೇನೋ ಅಷ್ಟೇ ಬೆಲೆಯದನ್ನು ಅವನಿಂದ ಕದ್ದು, ಅವನ ಫೋನುಗಳನ್ನೇ ಎತ್ತುತ್ತಾ ಕೂತಿದ್ದೇನೆ.

ಇವತ್ತು ಭಾನುವಾರ. ಬೆಳಿಗ್ಗೆ ಧೈರ್ಯ ಮಾಡಿ ಅವನ ನಂಬರ್ ಒತ್ತಿದೆ. "ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ." ಮತ್ತೆ ಒತ್ತಿದೆ, ಅದೇ. ಮೂರನೆಯ ಸಲಕ್ಕೆ ಅರ್ಥವಾಯಿತು. ಅವನಾಗಲೇ ಆಟಕ್ಕೆ ಕೂತಿದ್ದಾನೆ. ಅವನಿಗೆ ಮಾಡಿದ ಕರೆ ತಿರುಗಿ ನನ್ನ ಹತ್ತಿರವೇ ಬರುತ್ತಿದೆ. ನಾನು ಅವನ ನಂಬರಿಗೆ ಏನೇ ಹೇಳಬೇಕೆಂದರೂ ಎತ್ತಬೇಕಾದವನು ನಾನೇ.

ಮೆಸೇಜು ಕಳಿಸಬಹುದು. ಕಳಿಸುವುದಿಲ್ಲ. ಇದು ಮುಖ ನೋಡಿ ಹೇಳುವ ಮಾತು.

ಹನ್ನೊಂದಕ್ಕೆ ನರಸೀಪುರದ ಬಸ್ಸಿದೆ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಕೂತು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದು ಹೇಗೆಂದು ಗೊತ್ತಿಲ್ಲ, ಅವನು ಕೊಡಬೇಕೆಂದೂ ಇಲ್ಲ. ಗೌರಿಯ ಮುಂದೆಯೇ ಹೇಳಬೇಕು, ಅಂಗಡಿಗೆ ಬಂದ ಹುಡುಗರಿದ್ದರೆ ಅವರ ಮುಂದೆಯೂ. ನಾನು ಹೋಗುವ ಹೊತ್ತಿಗೆ ಪಂದ್ಯ ನಡೆಯುತ್ತಿದ್ದರೆ ಮುಗಿಯಲಿ ಎಂದು ನಿಲ್ಲುವುದಿಲ್ಲ. ಅವನನ್ನು ಒಮ್ಮೆ ಕಾಯಿಸಿದ್ದು ಸಾಕು. ಅವನು ತಲೆ ಎತ್ತದೆ "ಯಾರ್ಲಾ ಅದು?" ಅಂತ ಕೇಳಿದರೆ, ಅವತ್ತು ಹೇಳಬೇಕಿದ್ದ ಉತ್ತರವನ್ನೇ ಹೇಳುತ್ತೇನೆ.

ಮಾದು, ಫೋನು ನಿಂಗೆ ಕಣ್ಲಾ. ನಿನ್ನ ಹೆಸರು ಮೊದಲಿದೆಯಂತೆ.